ಮುಠಾ ಹೊಳೆ ಮನೆಗೆ ಬಂತು, ವಿಮೆಯ ದುಡ್ಡೂ ಬಂತು: ನನ್ನ ಅನುಭವ

ಪ್ರವಾಹದ ನಷ್ಟಕ್ಕೆ ವಿಮೆಯಲ್ಲಿ ಹಾಕಿದ್ದ ಕ್ಲೇಮ್ ಪಾಸಾಯಿತು. ಸುಮಾರು 3 ಲಕ್ಷ 60 ಸಾವಿರ ರೂಪಾಯಿ ಖಾತೆಗೆ ಬಂದಿದೆ. ನಮ್ಮದು ಪುಣೆಯ ಸಿಂಹಗಡ ರಸ್ತೆಯಲ್ಲಿ, ಹೊಳೆ ಕಡೆಯ ಸೊಸೈಟಿಯಲ್ಲಿ ನೆಲಮಹಡಿ ಮನೆ. "ಅಲ್ಲಿನ ಮನೆಗೆ ಯಾರ್ರೀ ವಿಮೆ ಕೊಡ್ತಾರೆ? ಪಾಲಿಸಿ ಕೊಟ್ರೂ ಆಮೇಲೆ ದುಡ್ಡು ಕೊಡಲ್ಲ" ಎಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಧಾರವಾಡದ ನಮ್ಮ ಮಾವ ಪ್ರೀಮಿಯಂ ಕಟ್ಟಿದಾಗಲೆಲ್ಲ "ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ" ಅನ್ನುತ್ತಿದ್ದರು. ಒಬ್ಬೊಬ್ಬರಿಗೂ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬರೆದವು, ಸ್ವಲ್ಪ ಹೆಚ್ಚುಕಮ್ಮಿ ಇರಬಹುದು.

ಮೊದಲು ದುಡ್ಡು ಹೋದ ಕಥೆ. 2019ರ ಆಗಸ್ಟ್‌ನಲ್ಲಿ ಮುಠಾ ಉಕ್ಕಿದಾಗ ಮನೆಯೊಳಗೆ ಮೊಣಕಾಲು ಮಟ್ಟ ನೀರಿತ್ತು. ಗೃಹಸಾಲದ ಜೊತೆ ಕೊಟ್ಟ ಒಂದು ಪಾಲಿಸಿ ನಮ್ಮಲ್ಲಿತ್ತು. ಅದರಲ್ಲಿ ಪ್ರವಾಹ ಸೇರಿದೆ ಅಂತ ಸಾಲ ಕೊಟ್ಟವರು ಬಾಯಲ್ಲಿ ಹೇಳಿದ್ದರು. ಸೇರಿದ್ದೇನೋ ನಿಜ, ಆದರೆ ಕಟ್ಟಡಕ್ಕೆ ಮಾತ್ರ. ಗೋಡೆ ನಿಂತಿತ್ತು, ನೆಲ ನೆಟ್ಟಗಿತ್ತು. ಹೋಗಿದ್ದು ಫ್ರಿಜ್, ಹಾಸಿಗೆ, ಸೋಫಾ, ಮಗಳ ಪುಸ್ತಕದ ಕಪಾಟು. ಒಂದೂವರೆ ಎರಡು ಲಕ್ಷದ ನಷ್ಟಕ್ಕೆ ಕೈಗೆ ಬಂದದ್ದು ಬಣ್ಣದ ಖರ್ಚಿನ ಒಂದಿಷ್ಟು ಸಾವಿರ. ಪಕ್ಕದ ಕಟ್ಟಡದವರಿಗೂ ಹೀಗೇ ಆಯಿತು. "ವಿಮೆ ಅಂದ್ರೆ ಇಷ್ಟೇ" ಎನ್ನುವ ಮಾತು ನಮ್ಮ ಭಾಗದಲ್ಲಿ ಗಟ್ಟಿಯಾಗಿದ್ದು ಆಗಲೇ.

2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಎನ್ನುವ ಮನೆ ವಿಮೆ ಬಂತು. ನಾನು ಮಾಡಿಸಿದ್ದು ಇದನ್ನೇ. ಪಾಲಿಸಿಯ ಮಾತುಗಳು ಎಲ್ಲ ಕಂಪನಿಗಳಲ್ಲೂ ಒಂದೇ, ದರ ಮಾತ್ರ ಅವರವರದ್ದು. ಪ್ರವಾಹ, ಬಿರುಗಾಳಿ, ಭೂಕುಸಿತ, ಭೂಕಂಪ ಎಲ್ಲ ಒಳಗೇ ಇವೆ, ಪ್ರವಾಹಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ. ನನಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ವಿಮಾ ಮೊತ್ತ ಕಡಿಮೆ ಹಾಕಿದ್ದೀರಿ ಅಂತ ಕ್ಲೇಮನ್ನು ಅದೇ ಪ್ರಮಾಣದಲ್ಲಿ ಕತ್ತರಿಸುವ ಹಳೆಯ ಪದ್ಧತಿ ಇದರಲ್ಲಿ ಇಲ್ಲ.

ಖರ್ಚಿನ ಲೆಕ್ಕಕ್ಕೆ ಬರೋಣ, ಯಾಕೆಂದರೆ ಎಲ್ಲರೂ ಇಲ್ಲೇ ಹೆದರುತ್ತಾರೆ. ನಮ್ಮ ಫ್ಲ್ಯಾಟ್‌ಗೆ ಪೇಟೆಯಲ್ಲಿ 70-75 ಲಕ್ಷ ಬೆಲೆ ಇದೆ. ಏಜೆಂಟ್ ಅಷ್ಟಕ್ಕೇ ವಿಮೆ ಮಾಡಿಸಿ ಎಂದ. ಬೇಡ. ಬೆಲೆಯ ದೊಡ್ಡ ಪಾಲು ಜಾಗದ್ದು, ಜಾಗವನ್ನು ನೀರು ಹೊತ್ತೊಯ್ಯುವುದಿಲ್ಲ ಅಲ್ವಾ. ಬೇಕಾದದ್ದು ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆ, ಗುಣಿಸು ಕಟ್ಟುವ ಖರ್ಚು. ನಮ್ಮದು 650 ಚದರಡಿ. ಚದರಡಿಗೆ 2,500 ಹಿಡಿದರೆ ಹದಿನಾರು ಲಕ್ಷದ ಮೇಲೆ ಸ್ವಲ್ಪ. ಮಾಡ್ಯುಲರ್ ಕಿಚನ್, ಗೋಡೆಗೆ ಕೂರಿಸಿದ ವಾರ್ಡ್‌ರೋಬ್ ಸೇರಿಸಿ 20 ಲಕ್ಷ ಮಾಡಿಸಿದೆ.

ಈ ಕಿಚನ್ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ಗೋಡೆಗೋ ನೆಲಕ್ಕೋ ಕಾಯಂ ಆಗಿ ಕೂರಿಸಿದ್ದೆಲ್ಲ ಕಟ್ಟಡದ ಲೆಕ್ಕ, ವೈರಿಂಗ್ ಕೂಡ. ಎತ್ತಿಕೊಂಡು ಹೋಗಬಹುದಾದ್ದು ಸಾಮಾನಿನ ಲೆಕ್ಕ. ಪ್ರವಾಹದಲ್ಲಿ ಮೊದಲು ಉಬ್ಬಿ ಹಾಳಾಗುವುದು ಕಿಚನ್ನಿನ ಕೆಳಗಿನ ಕಪಾಟುಗಳು. ನಮ್ಮ ಓಣಿಯಲ್ಲಿ ಒಬ್ಬರು ಅದನ್ನು ಸಾಮಾನಿನ ಪಟ್ಟಿಗೆ ಹಾಕಿ, ಕಟ್ಟಡಕ್ಕೆ ವಿಮೆಯನ್ನೇ ಮಾಡಿಸಿರಲಿಲ್ಲ. ಅವರಿಗೆ ಆ ಭಾಗ ಪೂರ್ತಿ ಹೋಯಿತು.

ಕಟ್ಟಡಕ್ಕೆ ವಿಮೆ ಮಾಡಿಸಿದರೆ ಆ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ಮನೆ ಸಾಮಾನಿಗೂ ತಾನಾಗಿ ಸಿಗುತ್ತದೆ. ಪಟ್ಟಿ ಬೇಕಿಲ್ಲ. ನನಗದು 4 ಲಕ್ಷ ಆಗುತ್ತಿತ್ತು. ಸಾಲದು ಅನಿಸಿತು. ಪಟ್ಟಿ ಕೊಟ್ಟು 7 ಲಕ್ಷ ಮಾಡಿಸಿದೆ. ಬಂದ ಕೊಟೇಶನ್‌ಗಳಲ್ಲಿ ಅತಿ ಕಡಿಮೆಯದು 18 ಪರ್ಸೆಂಟ್ ಜಿಎಸ್‌ಟಿ ಸೇರಿ ವರ್ಷಕ್ಕೆ ಸಾವಿರದ ಎಂಟುನೂರರ ಹತ್ತಿರ, ಅತಿ ಜಾಸ್ತಿಯದು ಮೂರು ಸಾವಿರದ ಮೇಲೆ. ಒಂದು ಕಂಪನಿ ಹೊಳೆ ಹತ್ತಿರ ಅಂದ ಕೂಡಲೇ ಉತ್ತರ ಕೊಡುವುದನ್ನೇ ನಿಲ್ಲಿಸಿತು. ನಾನು ಮಧ್ಯದ್ದನ್ನು ಹಿಡಿದೆ, ವರ್ಷಕ್ಕೆ ಎರಡು ಸಾವಿರದ ಆಸುಪಾಸು. ಯಾವ ಕಂಪನಿ ಅಂತ ಬರೆಯುವುದಿಲ್ಲ. ಅದೇ ಕಂಪನಿಯ ಬೇರೆ ಕಚೇರಿಯಲ್ಲಿ ನಿಮಗೆ ಬೇರೆ ಅನುಭವ ಆಗಬಹುದು.

ವಿಮೆ ಕೇಳಿ ತುಂಬುವ ಪ್ರಪೋಸಲ್ ಫಾರ್ಮ್‌ನಲ್ಲಿ ಹಿಂದೆ ನೀರು ಬಂದಿತ್ತಾ ಎನ್ನುವ ಪ್ರಶ್ನೆ ಇತ್ತು. "ಅದನ್ನ ಖಾಲಿ ಬಿಡಿ ಸರ್, ದರ ಏರುತ್ತೆ" ಎಂದ ಏಜೆಂಟ್. ನಾನು ಒಪ್ಪಲಿಲ್ಲ. 2019ರಲ್ಲಿ ನೀರು ಬಂದಿತ್ತು, ಎಷ್ಟು ಎತ್ತರ, ಹೊಳೆ ಎಷ್ಟು ದೂರ, ಎಲ್ಲ ಬರೆದೆ. ಕಟ್ಟಡದಲ್ಲಿ ವಾಸಕ್ಕೆ ಪಾಲಿಕೆ ಕೊಡುವ ಭೋಗವಟಾ ಪತ್ರವನ್ನೂ ಲಗತ್ತಿಸಿದೆ. ನಮ್ಮಲ್ಲಿ ನೀಲಿ ರೇಖೆ, ಕೆಂಪು ರೇಖೆ ಅಂತ ಇವೆ. ನೀಲಿ 25 ವರ್ಷಕ್ಕೊಮ್ಮೆ ಬರುವ ಪ್ರವಾಹದ ಗಡಿ, ಕೆಂಪು 100 ವರ್ಷದ್ದು. ನಮ್ಮ ಕಟ್ಟಡ ಎಲ್ಲಿದೆ ಅಂತಲೂ ಹೇಳಿದೆ. ಇಷ್ಟಾದರೂ ದರ ಏರಿದ್ದು ಕೆಲವು ನೂರು ರೂಪಾಯಿ. ಆಮೇಲೆ ಕ್ಲೇಮ್ ಹೊತ್ತಿನಲ್ಲಿ "ಮೊದಲೇ ಹೇಳಲಿಲ್ಲ" ಎನ್ನುವ ಮಾತಿಗೆ ದಾರಿಯೇ ಉಳಿಯಲಿಲ್ಲ. ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಈ ಒಂದು ಪುಟದ ಬಗ್ಗೆ.

ಆಮೇಲೆ ವಿಡಿಯೋ. ವರ್ಷಕ್ಕೊಮ್ಮೆ, ಮೇ ಕೊನೆಯಲ್ಲಿ, ಮನೆಯ ಒಂದೊಂದು ವಸ್ತುವನ್ನೂ ತೋರಿಸಿ ವಿಡಿಯೋ ಮಾಡುತ್ತೇನೆ. ಫ್ರಿಜ್‌ನ ಹಿಂದಿನ ಸೀರಿಯಲ್ ನಂಬರ್, ಹಾಸಿಗೆಯ ಲೇಬಲ್, ಕಪಾಟಿನ ಒಳಗು ಎಲ್ಲ ಕಾಣಬೇಕು. ಬಿಲ್‌ಗಳ ಫೋಟೋ ತೆಗೆದು ನನಗೇ ಈಮೇಲ್ ಕಳಿಸಿಕೊಳ್ಳುತ್ತೇನೆ. ಆಗ ತಾರೀಖನ್ನು ಯಾರೂ ಪ್ರಶ್ನೆ ಮಾಡಲಾಗದು. ಬಿಲ್ ಇಲ್ಲದ ಹಳೆಯ ವಸ್ತುಗಳಿಗೆ ನಾನು ಮಾಡುವ ಇನ್ನೊಂದು ಕೆಲಸ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ.

2024ರ ಜುಲೈ 25ರ ಬೆಳಗಿನ ಜಾವ ಏನಾಯಿತು ಅಂತ ಪುಣೆಯವರಿಗೆ ಹೇಳಬೇಕಿಲ್ಲ. ಖಡಕ್‌ವಾಸ್ಲಾ ಅಣೆಕಟ್ಟಿನಿಂದ 35 ಸಾವಿರ ಕ್ಯೂಸೆಕ್ ಮಟ್ಟದ ನೀರು ಬಿಟ್ಟಿದ್ದರು. ಅಣೆಕಟ್ಟಿನ ಕೆಳಗೂ ಜೋರು ಮಳೆ. ಏಕತಾ ನಗರಿಯ ಕಡೆ ದೋಣಿ ಇಳಿಸಿ ಜನರನ್ನು ಹೊರಗೆ ತಂದರು, ಸೇನೆಯೂ ಬಂತು. ನಮ್ಮ ಮನೆಯೊಳಗೆ ಸೊಂಟದ ಮಟ್ಟ. ಆಗಸ್ಟ್ ಮೊದಲ ವಾರ ಮತ್ತೆ ನೀರು.

ಇಲ್ಲಿ ಒಂದು ಅಡ್ಡ ಮಾತು. ನೀರು ತಡೆಯಲು ನಾನು ಮಾಡಿದ ಪ್ರಯೋಗಗಳು ಬಹಳ. ಬಾಗಿಲಿಗೆ ಮರೈನ್ ಪ್ಲೈ ಹಲಗೆ, ಅಂಚಿಗೆ ರಬ್ಬರ್ ಪಟ್ಟಿ, ಏಳು ಸಾವಿರದ ಹತ್ತಿರ ಖರ್ಚು. ಬಾಗಿಲಲ್ಲಿ ಒಂದು ಹನಿ ಬರಲಿಲ್ಲ, ನೀರು ಬಚ್ಚಲಿನ ನಹಾಣಿ ಟ್ರ್ಯಾಪ್‌ನಿಂದ, ಅಂದರೆ ನೆಲದ ನೀರು ಹೊರಹೋಗುವ ಕಿಂಡಿಯಿಂದ, ಮೇಲೆದ್ದು ಬಂತು. ಆಮೇಲೆ ಹೊರಗಿನ ಚರಂಡಿ ಚೇಂಬರಿಗೆ, ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಹಾಕಿಸಿದೆ. ನೀರು ನಿಧಾನ ಏರಿದರೆ ಅದು ಕೆಲಸ ಮಾಡುತ್ತದೆ, ಒಮ್ಮೆಲೆ ಬಂದರೆ ಇಲ್ಲ. ಇದನ್ನೆಲ್ಲ ತೋರಿಸಿ ಪ್ರೀಮಿಯಂನಲ್ಲಿ ರಿಯಾಯಿತಿ ಕೇಳಿದೆ. ಒಂದು ರೂಪಾಯಿ ಸಿಗಲಿಲ್ಲ. ಗೇಟಿನ ಕಂಬದ ಮೇಲೆ ಬಣ್ಣದ ಗೆರೆ ಎಳೆದು, ಇಷ್ಟು ಕ್ಯೂಸೆಕ್ ಬಿಟ್ಟರೆ ಇಲ್ಲಿಗೆ ನೀರು ಅಂತ ವರ್ಷಗಟ್ಟಲೆ ಬರೆದಿಟ್ಟಿದ್ದೆ. ಮುಠಾ ಮೇಲಿನ ಭಿಡೆ ಪೂಲ (ಸೇತುವೆ) ಮುಳುಗಿದ ಸುದ್ದಿ ಬಂದರೆ ಎಷ್ಟು ಹೊತ್ತಿಗೆ ನಮ್ಮ ಪಾರ್ಕಿಂಗ್‌ಗೆ ನೀರು ಅಂತಲೂ ಲೆಕ್ಕ ಇತ್ತು. 2024ರಲ್ಲಿ ಆ ಗೆರೆಗಳು ಕೈಕೊಟ್ಟವು. ಅಣೆಕಟ್ಟಿನ ಕೆಳಗಿನ ಮಳೆ ನನ್ನ ಗೆರೆಯಲ್ಲಿ ಇರಲಿಲ್ಲ. ಒಂದು ಪ್ರಯೋಗ ಮಾತ್ರ ಗೆದ್ದಿತು. ಪ್ಲಗ್ ಪಾಯಿಂಟ್‌ಗಳನ್ನೆಲ್ಲ ನಾಲ್ಕೂವರೆ ಅಡಿಗೆ ಏರಿಸಿದ್ದು. ಎರಡು ಪ್ರವಾಹ ಕಂಡರೂ ಬೋರ್ಡ್‌ಗಳು ಇವತ್ತಿಗೂ ಚೆನ್ನಾಗಿವೆ.

ನೀರು ಇಳಿದ ಮೇಲಿನ ಮೊದಲ ದಿನವೇ ಕ್ಲೇಮಿನ ಹಣೆಬರಹ ಬರೆದು ಹೋಗುತ್ತದೆ. ಎಲ್ಲರೂ ಸಾಮಾನು ಹೊರಗೆ ಎಸೆದು ತೊಳೆಯಲು ಶುರು ಮಾಡಿದರು. ನಾನು ಮೊದಲು ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಂಡೆ, ಈಮೇಲೂ ಕಳಿಸಿದೆ. ಗೋಡೆಯ ಮೇಲಿನ ಕೆಸರಿನ ಗೆರೆಗೆ ಟೇಪ್ ಹಿಡಿದು ಫೋಟೋ ತೆಗೆದೆ. ಫ್ರಿಜ್, ವಾಷಿಂಗ್ ಮಷಿನ್ ಯಾವುದರ ಸ್ವಿಚ್ಚನ್ನೂ ಹಾಕಲಿಲ್ಲ. ಇದು ಬಹಳ ಮುಖ್ಯ. ಶಾರ್ಟ್ ಸರ್ಕ್ಯೂಟ್ ಆಗಿ ಯಂತ್ರ ತಾನಾಗಿ ಸುಟ್ಟರೆ ಅದು ಪಾಲಿಸಿಯಲ್ಲಿಲ್ಲ. ನೀರು ಒಳಗೆ ಹೋಗಿ ಹಾಳಾದರೆ ಇದೆ. ಒಣಗಿತು ಅಂತ ಸ್ವಿಚ್ ಹಾಕಿ ಸುಟ್ಟುಕೊಂಡವರಿಗೆ ವಾದ ಮಾಡಲು ಏನೂ ಉಳಿಯಲಿಲ್ಲ. ಸರ್ವೀಸ್‌ನವರಿಂದ "ಒಳಗೆ ನೀರು, ಕೆಸರು ಇದೆ" ಅಂತ ಬರೆಸಿಕೊಂಡೆ. ಕಂದಾಯ ಇಲಾಖೆಯ ತಲಾಠಿ ಮಾಡಿದ ಪಂಚನಾಮೆಯ ಪ್ರತಿಯನ್ನೂ ಇಟ್ಟುಕೊಂಡೆ. ಸರ್ಕಾರದ ನೆರವು ಎಷ್ಟೇ ಸಿಗಲಿ, ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಮುಂದೆ ಆ ಕಾಗದ ತೂಕದ್ದು.

ಸರ್ವೇಯರ್ ಬರುವವರೆಗೆ ಹಾಳಾದ ಸಾಮಾನನ್ನೆಲ್ಲ ಪಾರ್ಕಿಂಗ್‌ನಲ್ಲಿ ಸಾಲಾಗಿ ಜೋಡಿಸಿ, ಮೇಲೆ ನಂಬರ್ ಚೀಟಿ ಅಂಟಿಸಿದ್ದೆ. ಪಟ್ಟಿಯ ನಂಬರೂ ಅದೇ. ವಾಸನೆ ಅಂತ ಅಕ್ಕಪಕ್ಕದವರು ಜಗಳ ಮಾಡಿದರು. ನಾನು ತೆಗೆಯಲಿಲ್ಲ. ಸರ್ವೇಯರ್ ಬಂದು ಸಾಲು ನೋಡಿ, ಪಟ್ಟಿ ನೋಡಿ, ಮೇ ತಿಂಗಳ ವಿಡಿಯೋ ನೋಡಿದರು. "ಇಷ್ಟು ಅಚ್ಚುಕಟ್ಟಾಗಿ ಯಾರೂ ಇಟ್ಟಿರಲ್ಲ" ಎಂದರು. ಅದು ನನಗೆ ದೊಡ್ಡ ಸರ್ಟಿಫಿಕೇಟ್.

ಹಾಗಂತ ಸುಲಭವಾಗಿ ಮುಗಿಯಲಿಲ್ಲ. ನಾನು ಕೇಳಿದ್ದು 4 ಲಕ್ಷ 40 ಸಾವಿರದ ಹತ್ತಿರ. ಮೊದಲ ಲೆಕ್ಕದಲ್ಲಿ ಎರಡೂವರೆ ಲಕ್ಷಕ್ಕೆ ಇಳಿಸಿದರು. ಫ್ರಿಜ್, ಸೋಫಾ ಹಳೆಯವು ಅಂತ ಅರ್ಧದಷ್ಟು ಸವಕಳಿ ಹಿಡಿದಿದ್ದರು. ದುರಸ್ತಿ ಆಗದ ಸಾಮಾನಿಗೆ ಅದೇ ಬಗೆಯ ವಸ್ತುವನ್ನು ಮತ್ತೆ ಕೊಳ್ಳುವ ಖರ್ಚು ಅಂತ ಪಾಲಿಸಿಯಲ್ಲಿ ಬರೆದಿದೆ. ಆ ಸಾಲಿಗೆ ಗೆರೆ ಹಾಕಿ, ಒಂದೊಂದು ವಸ್ತುವಿನ ಈಗಿನ ಬೆಲೆ ಸೇರಿಸಿ ಉತ್ತರ ಬರೆದೆ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯುತ್ತೇನೆ, 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಪುಣೆಯಲ್ಲೇ ಇರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ ಅಂತಲೂ ಸೇರಿಸಿದೆ. ಅಲ್ಲಿ ಫೀಸಿಲ್ಲ, ವಕೀಲರೂ ಬೇಡ, 50 ಲಕ್ಷದವರೆಗಿನ ದೂರು ನೋಡುತ್ತಾರೆ. ಹೋಗುವ ಅಗತ್ಯ ಬರಲಿಲ್ಲ. ಲೆಕ್ಕ ಮತ್ತೆ ಮೇಲೇರಿತು.

ಕೊನೆಗೂ ಕಡಿತ ಆದದ್ದರಲ್ಲಿ ಒಂದು ಭಾಗ ಸಾಲ್ವೇಜ್, ಅಂದರೆ ಹಾಳಾದ ಸಾಮಾನಿಗೆ ಗುಜರಿಯಲ್ಲಿ ಸಿಗುವ ಬೆಲೆ. ಇನ್ನೊಂದು ಭಾಗ ಮಲಗುವ ಕೋಣೆಯ ಹಿಂದಿನ ಗೋಡೆ. ಅದು ಮಳೆಗಾಲದ ಹಳೆಯ ಸೋರಿಕೆ, ಪ್ರವಾಹದ್ದಲ್ಲ ಅಂತ ತೆಗೆದರು. ನಿಧಾನವಾಗಿ ಆದ ಸೋರಿಕೆಗೆ ದುಡ್ಡು ಬರುವುದಿಲ್ಲ, ಅದರ ಮೇಲೆ ಸುಮ್ನೆ ಜಗಳ ಮಾಡಬೇಡಿ. ಕೆಸರು, ಕಸ ತೆಗೆಸಿದ ಖರ್ಚಿಗೆ ಕ್ಲೇಮ್ ಮೊತ್ತದ ಶೇಕಡಾ 2ರವರೆಗೆ ಕೊಡುತ್ತಾರೆ. ರಶೀದಿ ಇಟ್ಟಿದ್ದೆ, ಬಂತು. ವಡಗಾವ್ ಕಡೆ ಬಾಡಿಗೆಗೆ ಇದ್ದ ದಿನಗಳ ಬಾಡಿಗೆಯೂ ಬಂತು. ಆದರೆ ಅದು ಕಟ್ಟಡದ ವಿಮೆಯ ಜೊತೆ ಬರುವ ಸೌಲಭ್ಯ. ಬರೀ ಸಾಮಾನಿಗೆ ಮಾಡಿಸಿದವರಿಗೆ ಸಿಗಲಿಲ್ಲ. ನಗದು, ಕಾಗದಪತ್ರ ಇದರಲ್ಲಿ ಬರುವುದಿಲ್ಲ. ಸ್ಕೂಟರ್ ಮುಳುಗಿದ್ದಕ್ಕೆ ಅದರದ್ದೇ ಪಾಲಿಸಿ. ಕಾರು ಇರುವವರು ಅದರ ಪಾಲಿಸಿಗೆ ಎಂಜಿನ್ ಪ್ರೊಟೆಕ್ಟ್ ಎನ್ನುವ ಹೆಚ್ಚುವರಿ ಕವರ್ ಸೇರಿಸಿಕೊಳ್ಳಿ, ನೀರಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋಗಬೇಡಿ. ಚಿನ್ನಕ್ಕೆ ಬೇರೆ ಐಚ್ಛಿಕ ಕವರ್ ಇದೆ. ನಾನು ತೆಗೆದುಕೊಂಡಿಲ್ಲ, ನಮ್ಮದು ಲಾಕರಿನಲ್ಲಿದೆ.

ಬಾಡಿಗೆಗೆ ಇರುವ ನಮ್ಮ ಕನ್ನಡದ ಹುಡುಗರು ಬಹಳ ಜನ ನೆಲಮಹಡಿಯಲ್ಲೇ ಇದ್ದಾರೆ, ಬಾಡಿಗೆ ಕಡಿಮೆ ಅಂತ. ಅವರು ಬರೀ ಸಾಮಾನಿಗೆ ಪಾಲಿಸಿ ಮಾಡಿಸಬಹುದು. ಲ್ಯಾಪ್‌ಟಾಪ್, ಹಾಸಿಗೆ, ಫ್ರಿಜ್ ಸೇರಿ ಎರಡು ಲಕ್ಷಕ್ಕೆ ಮಾಡಿಸಿದ ಒಬ್ಬ ಹುಡುಗ ಕಟ್ಟಿದ್ದು ಕೆಲವೇ ನೂರು ರೂಪಾಯಿ.

ಕೊನೆಯದಾಗಿ ಸೊಸೈಟಿ. ಇಲ್ಲಿ ನನಗೆ ಇನ್ನೂ ಸಿಟ್ಟಿದೆ. ಬೈಲಾ, ಅಂದರೆ ಸೊಸೈಟಿಯ ನಿಯಮಾವಳಿ, ಪ್ರಕಾರ ಕಟ್ಟಡಕ್ಕೆ ಬೆಂಕಿ ಮತ್ತು ಭೂಕಂಪದ ವಿಮೆ ಇರಲೇಬೇಕು. ನಮ್ಮಲ್ಲಿ ಅಷ್ಟೇ ಇತ್ತು. ಪ್ರೀಮಿಯಂ ಉಳಿಸಲು ಹಿಂದೆ ಯಾವಾಗಲೋ ಪ್ರವಾಹದ ಭಾಗವನ್ನು ತೆಗೆಸಿಬಿಟ್ಟಿದ್ದರು. ಪಂಪ್ ಕೋಣೆ, ಮೀಟರ್ ಪ್ಯಾನೆಲ್, ಲಿಫ್ಟ್ ದುರಸ್ತಿಗೆ ನಾಲ್ಕೈದು ಲಕ್ಷ ಹೋಯಿತು. ಮನೆಮನೆಗೆ ಹಂಚಿದರು. ನಾಲ್ಕನೇ ಮಹಡಿಯವರೂ ಕಟ್ಟಿದರು, ಒಂದು ಹನಿ ನೀರು ಕಾಣದವರೂ ಕಟ್ಟಿದರು. ಈಗ ಪ್ರವಾಹ ಸೇರಿಸಿ ಕೊಟೇಶನ್ ತರಿಸಿದ್ದೇನೆ. ಒಂದು ಮನೆಗೆ ವರ್ಷಕ್ಕೆ ಮುನ್ನೂರು ರೂಪಾಯಿಯೊಳಗೆ ಬರುತ್ತದೆ. ಸೊಸೈಟಿಯೂ ಕಟ್ಟಡಕ್ಕೆ ಮಾಡಿಸಿ ನಾನೂ ಮಾಡಿಸಿದರೆ ಒಂದೇ ನಷ್ಟಕ್ಕೆ ಎರಡು ಕಡೆ ದುಡ್ಡು ಬರುವುದಿಲ್ಲ. ಅದಕ್ಕೇ ಯಾವ ಭಾಗ ಯಾರ ಪಾಲಿಸಿಯಲ್ಲಿ ಅಂತ ಒಂದು ಹಾಳೆಯಲ್ಲಿ ಬರೆದಿದ್ದೇನೆ. ಮುಂದಿನ ಸಭೆಯಲ್ಲಿ ಆ ಹಾಳೆಯನ್ನೂ ಕೊಟೇಶನ್ನನ್ನೂ ಕಮಿಟಿಯ ಮುಂದೆ ಇಡುತ್ತೇನೆ, ಮಳೆಗಾಲಕ್ಕೆ ಮೊದಲೇ ಮಂಜೂರು ಮಾಡಿಸುತ್ತೇನೆ.