ಯೋಜನಾ ಕಾರ್ಯದಲ್ಲಿ ಎಐ: ಪ್ರೌಢಶಾಲಾ ಶಿಕ್ಷಕರು ಅನುಸರಿಸಬಹುದಾದ ಕ್ರಮ

2022ರ ನವೆಂಬರ್ ಕೊನೆಗೆ, ಕೇಳಿದ್ದನ್ನು ಬರೆದುಕೊಡುವ ಎಐ (ಕೃತಕ ಬುದ್ಧಿಮತ್ತೆ) ಸಾಧನವಾದ ಚಾಟ್‌ಜಿಪಿಟಿ ಬಳಕೆಗೆ ಬಂದ ಮೇಲೆ ಧಾರವಾಡ, ಗದಗ, ಹಾವೇರಿ ಕಡೆಯ ಶಿಕ್ಷಕರ ಕೊಠಡಿಗಳಲ್ಲೂ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ: ವಿದ್ಯಾರ್ಥಿ ತಾನೇ ಬರೆದಿದ್ದಾನೋ, ಯಂತ್ರದಿಂದ ಬರೆಸಿದ್ದಾನೋ ಎಂದು ಪತ್ತೆ ಹಚ್ಚುವುದು ಹೇಗೆ? ಈ ಪ್ರಶ್ನೆಯಿಂದ ಹೊರಟರೆ ಶಿಕ್ಷಕರು ಪತ್ತೇದಾರರಾಗುತ್ತಾರೆಯೇ ಹೊರತು ಕಲಿಕೆಗೆ ಏನೂ ಲಾಭವಿಲ್ಲ ಎಂಬುದು ನನ್ನ ಅಭಿಪ್ರಾಯ. ಕೆಲಸ ಕೊಡುವ ದಿನವೇ ಅದರ ಯಾವ ಭಾಗವನ್ನು ವಿದ್ಯಾರ್ಥಿ ಸ್ವಂತ ಬುದ್ಧಿಯಿಂದ ಮಾಡಬೇಕು, ಯಾವ ಭಾಗಕ್ಕೆ ಎಐ ನೆರವು ಪಡೆಯಬಹುದು ಎಂಬುದನ್ನು ನಾವೇ ತೀರ್ಮಾನಿಸಿ ಹೇಳಿಬಿಡುವುದು ನ್ಯಾಯ. ಎಸ್‌ಎಸ್‌ಎಲ್‌ಸಿಯಲ್ಲಿ ವಿಷಯವೊಂದರ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಿರುವಾಗ, ನಿಯಮವನ್ನು ಮೊದಲು ಹೇಳದೆ ಕೊನೆಗೆ ಅಂಕ ಕಡಿಯುವುದು ಸರಿಯಲ್ಲ.

ತೀರ್ಮಾನಕ್ಕೆ ಬರಲು ಒಂದನ್ನು ಕೇಳಿಕೊಂಡರೆ ಸಾಕು: ಈ ಕೆಲಸದಿಂದ ಮಗುವಿಗೆ ಏನು ಮಾಡಲು ಬರಬೇಕು? ಕನ್ನಡ ಪ್ರಬಂಧದಲ್ಲಿ ವಿಚಾರ ಜೋಡಿಸಿ ವಾಕ್ಯ ಕಟ್ಟುವುದೇ ಕಲಿಕೆಯಾದ್ದರಿಂದ ಅಲ್ಲಿ ಯಂತ್ರಕ್ಕೆ ಜಾಗವಿಲ್ಲ. ವಿಜ್ಞಾನ ಪ್ರಯೋಗದ ವರದಿಯಲ್ಲಿ ಕಂಡದ್ದನ್ನು ದಾಖಲಿಸುವುದು ಮಗುವಿನ ಕೆಲಸ. ಅರ್ಥವಾಗದ ಪರಿಕಲ್ಪನೆಯನ್ನು ಇನ್ನೊಂದು ಉದಾಹರಣೆ ಕೊಟ್ಟು ವಿವರಿಸುವಂತೆ ಎಐಯನ್ನು ಕೇಳುವುದರಲ್ಲಿ ತಪ್ಪಿಲ್ಲ.

ಒಂದು ಯೋಜನಾ ಕಾರ್ಯವನ್ನೇ ತೆಗೆದುಕೊಂಡು ನೋಡೋಣ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಆರಂಭವಾದ ಸಹಕಾರಿ ಸಂಘದ ಬಗ್ಗೆ ಬರೆದು, ಅದನ್ನು ನಿಮ್ಮ ಊರಿನ ಈಗಿನ ಸೊಸೈಟಿಯೊಂದಿಗೆ ಹೋಲಿಸಿರಿ ಎಂದು ಒಂಬತ್ತನೇ ತರಗತಿಗೆ ಹೇಳಿದ್ದೇವೆ ಎಂದುಕೊಳ್ಳಿ. ಅದರ ಹಿಂದಿನ ವರ್ಷ, ಅಂದರೆ 1904ರಲ್ಲಿ, ಬಂದ ಸಹಕಾರ ಪತ್ತಿನ ಸಂಘಗಳ ಕಾಯ್ದೆಯ ಉದ್ದೇಶವನ್ನು ಸರಳವಾಗಿ ತಿಳಿಯಲು ಮತ್ತು ಸೊಸೈಟಿ ಕಾರ್ಯದರ್ಶಿಯನ್ನು ಕೇಳಬೇಕಾದ ಪ್ರಶ್ನೆಗಳ ಮೊದಲ ಪಟ್ಟಿ ಮಾಡಲು ಎಐ ಬಳಸಬಹುದು ಎಂದು ತಿಳಿಸಿ. ಸೊಸೈಟಿಗೆ ಹೋಗಿ ಮಾತನಾಡುವುದು, ಊರಿನ ಹಿರಿಯರನ್ನು ಕೇಳುವುದು, ಹೋಲಿಕೆ ಬರೆಯುವುದು ವಿದ್ಯಾರ್ಥಿಯದೇ ಆಗಿರಲಿ. ಹಿರಿಯರು "ಸೊಸೈಟ್ಯಾಗ ಸಾಲಾ ತಗೊಂಡು ಬೀಜಾ ತರತಿದ್ವಿ" ಎಂದರೆ ಅದನ್ನು ಹಾಗೆಯೇ ಬರೆದುಕೊಳ್ಳಬೇಕು. ಆ ಮಾತನ್ನು ಎಐಗೆ ಕೊಟ್ಟು ಶಿಷ್ಟ ಭಾಷೆಗೆ ತಿದ್ದಿಸಿದರೆ ಹೇಳಿದವರ ಮಾತು ಅವರದಾಗಿ ಉಳಿಯುವುದಿಲ್ಲ. ಕೊನೆಯ ಬರಹವನ್ನು ಎರಡು ಪಿರಿಯಡ್‌ಗಳಲ್ಲಿ, ಟಿಪ್ಪಣಿಯನ್ನು ಮುಂದಿಟ್ಟುಕೊಂಡು, ತರಗತಿಯಲ್ಲಿಯೇ ಬರೆಸಿದರೆ ಅರ್ಧ ಅನುಮಾನಗಳು ಹುಟ್ಟುವುದೇ ಇಲ್ಲ.

ಎಐ ಕೊಟ್ಟ ಉತ್ತರವನ್ನು ಪರೀಕ್ಷಿಸುವುದನ್ನು ಕೆಲಸದ ಭಾಗವಾಗಿಯೇ ಮಾಡಿ ಅಂಕ ಕೊಡಬೇಕು. ಈ ಯಂತ್ರಗಳು ಓದಿದ ಅಪಾರ ಪಠ್ಯದ ಮಾದರಿಯ ಮೇಲೆ ಮುಂದಿನ ಪದ ಯಾವುದಿರಬಹುದು ಎಂದು ಊಹಿಸುತ್ತ ಸಾಗುತ್ತವೆ. ಕನ್ನಡದಲ್ಲಿ, ಅದರಲ್ಲಿಯೂ ಸಣ್ಣ ಊರುಗಳ ಬಗ್ಗೆ, ಅವು ಓದಿದ್ದು ಕಡಿಮೆ. ಆದರೂ ವಾಕ್ಯ ನಿಲ್ಲದಿರುವುದರಿಂದ ಇಲ್ಲದ ಇಸವಿಯೂ ಹೆಸರೂ ಅದೇ ಧೈರ್ಯದಿಂದ ಹೊರಬರುತ್ತವೆ. ಮೇಲಿನ ವಿಷಯದಲ್ಲಿ ಒಂದು ಒಳ್ಳೆಯ ಪರೀಕ್ಷೆಯಿದೆ. "1905ರಲ್ಲಿ ಕಣಗಿನಹಾಳ ಯಾವ ಜಿಲ್ಲೆಯಲ್ಲಿತ್ತು?" ಎಂದು ಎಐಯನ್ನು ಕೇಳಿಸಿ. ಗದಗ, ಹಾವೇರಿ ಎರಡೂ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಜಿಲ್ಲೆಗಳು. 1905ರಲ್ಲಿ ಈ ಸೀಮೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಉತ್ತರ ಸರಿಯಾಗಿ ಬಂದರೂ, ತಪ್ಪಾಗಿ ಬಂದರೂ, ಗೆಜೆಟಿಯರ್ ಅಥವಾ ಗ್ರಂಥಾಲಯದ ಪುಸ್ತಕವೊಂದರಲ್ಲಿ ಅದನ್ನು ತಾಳೆ ನೋಡಿದ ಪುಟದ ಸಂಖ್ಯೆಯನ್ನು ವಿದ್ಯಾರ್ಥಿ ಬರೆಯಬೇಕು.

ಎಐ ಬಳಸಿದ್ದನ್ನು ಹೇಳಿಕೊಳ್ಳುವ ಕ್ರಮವನ್ನೂ ಕಲಿಸಬೇಕಾಗುತ್ತದೆ. ಉದ್ದನೆಯ ಪ್ರಮಾಣಪತ್ರ ಬೇಡ. "1904ರ ಕಾಯ್ದೆಯನ್ನು ತಿಳಿದುಕೊಳ್ಳಲು ಚಾಟ್‌ಜಿಪಿಟಿಯನ್ನು ಕೇಳಿದೆ. ಅದು ಹೇಳಿದ ಒಂದು ಇಸವಿ ತಪ್ಪಿತ್ತು, ಪುಸ್ತಕ ನೋಡಿ ತಿದ್ದಿಕೊಂಡೆ. ಪ್ರಶ್ನೆಗಳಲ್ಲಿ ಮೊದಲ ನಾಲ್ಕು ಅದರವು, ಉಳಿದವು ನನ್ನವು" ಎಂಬಷ್ಟು ಕೊನೆಯ ಪುಟದಲ್ಲಿದ್ದರೆ ಸಾಕು. ಹೀಗೆ ಬರೆದವರ ಅಂಕವನ್ನು ಆ ಕಾರಣಕ್ಕೆ ಕಡಿಮೆ ಮಾಡುವುದಿಲ್ಲ ಎಂದು ತರಗತಿಯ ಎದುರು ಮಾತು ಕೊಟ್ಟು ಅದನ್ನು ಉಳಿಸಿಕೊಳ್ಳಬೇಕು. ಒಬ್ಬನ ಅಂಕ ಕಡಿದರೂ ಮುಂದಿನ ಸಲ ಯಾರೂ ನಿಜ ಬರೆಯುವುದಿಲ್ಲ.

ಪತ್ತೆ ಹಚ್ಚುವ ತಂತ್ರಾಂಶಗಳನ್ನು ನಂಬಿ ಯಾರ ಮೇಲೂ ಆರೋಪ ಹೊರಿಸಬಾರದು. ಚಾಟ್‌ಜಿಪಿಟಿ ರೂಪಿಸಿದ ಓಪನ್‌ಎಐ ಸಂಸ್ಥೆಯೇ ಹೊರತಂದಿದ್ದ ಇಂಥ ಸಾಧನ ಯಂತ್ರದ ಬರಹಗಳಲ್ಲಿ ಶೇ. 26ರಷ್ಟನ್ನು ಮಾತ್ರ ಗುರುತಿಸುತ್ತಿತ್ತು. ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ವರ್ಷ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಸ್ವತಃ ಬರೆದ ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಒಡ್ಡಿದಾಗ, ಸರಾಸರಿ ಶೇ. 61ರಷ್ಟು ಪ್ರಬಂಧಗಳನ್ನು ಅವು ಯಂತ್ರದ ಬರಹವೆಂದು ತಪ್ಪಾಗಿ ಹೇಳಿದವು. ಸರಳ ಪದಗಳಲ್ಲಿ ಇಂಗ್ಲಿಷ್ ಬರೆಯುವ ನಮ್ಮ ಮಕ್ಕಳಿಗೆ ಇದೇ ಅನ್ಯಾಯ ಆಗದಿರಲು ಕಾರಣವಿಲ್ಲ. ಅನುಮಾನ ಬಂದರೆ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು "ಈ ಇಸವಿ ನಿನಗ ಎಲ್ಲಿ ಸಿಕ್ತವಾ?" ಎಂದು ಸಮಾಧಾನದಿಂದ ಕೇಳಿ. ತಾನೇ ಹುಡುಕಿದವಳಿಗೆ ಹೇಳಲು ಬಹಳ ಇರುತ್ತದೆ. ಬರೆಸಿಕೊಂಡವಳು ಎರಡನೇ ಪ್ರಶ್ನೆಗೆ ನಿಲ್ಲುತ್ತಾಳೆ.

ಫೋನಿನ ವಿಷಯವನ್ನು ಮರೆಯುವಂತಿಲ್ಲ. ಹುಬ್ಬಳ್ಳಿಯ ಬಡಾವಣೆಯೊಂದರ ಮಗುವಿಗೆ ಸ್ವಂತ ಫೋನು, ವೈಫೈ ಎರಡೂ ಇರಬಹುದು. ಬ್ಯಾಡಗಿ ಬಳಿಯ ಹಳ್ಳಿಯಲ್ಲಿ ಮನೆಗೆ ಒಂದೇ ಫೋನಿದ್ದು ಅದು ಅಪ್ಪನ ಜೊತೆ ಹೊಲಕ್ಕೋ ಮೆಣಸಿನಕಾಯಿ ಪೇಟೆಗೋ ಹೋಗಿರುತ್ತದೆ. ಆದ್ದರಿಂದ ಎಐ ಬಳಸುವ ಹಂತವನ್ನು ಶಾಲೆಯ ಒಂದೇ ಪರದೆಯ ಮೇಲೆ ಎಲ್ಲರೂ ಸೇರಿ ಮಾಡಬೇಕು, ಇಲ್ಲವೇ ಕೈಬಿಡಬೇಕು. ಮನೆಗೆಲಸದಲ್ಲಿ ಅದನ್ನು ಕಡ್ಡಾಯ ಮಾಡುವುದು ಸಲ್ಲದು.

ವಯಸ್ಸಿನ ಮಿತಿಯೂ ಇದೆ. ಚಾಟ್‌ಜಿಪಿಟಿಯ ನಿಯಮದಂತೆ ಬಳಕೆದಾರರಿಗೆ ಕನಿಷ್ಠ 13 ವರ್ಷ ಆಗಿರಬೇಕು, 18 ತುಂಬದವರಿಗೆ ಪೋಷಕರ ಒಪ್ಪಿಗೆ ಇರಬೇಕು. ತರಗತಿಯ ಬಳಕೆಗೆ ಯುನೆಸ್ಕೊ 2023ರ ಮಾರ್ಗಸೂಚಿಯಲ್ಲಿ ಸೂಚಿಸಿದ ಕನಿಷ್ಠ ವಯಸ್ಸೂ 13. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18ರೊಳಗಿನವರೆಲ್ಲ ಮಕ್ಕಳೇ. ಏಳನೇ ತರಗತಿಯವರೆಗೆ ಕೀಲಿಮಣೆ ಶಿಕ್ಷಕರ ಕೈಯಲ್ಲಿಯೇ ಇರುವುದು ಕ್ಷೇಮ. ಮೇಲಿನ ತರಗತಿಗಳಿಗೆ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿಯೇ ವಿಷಯ ತಿಳಿಸಿ ಪೋಷಕರ ಒಪ್ಪಿಗೆ ಪಡೆಯಿರಿ.

ಮಕ್ಕಳಿಗೆ ಹಾಕಿದ ನಿಯಮ ನಮಗೂ ಅನ್ವಯಿಸಬೇಕು. ಪ್ರಶ್ನೆಪತ್ರಿಕೆಯ ಕರಡು ಮಾಡಲು ಎಐ ಬಳಸಿದರೆ ಪ್ರತಿ ಪ್ರಶ್ನೆಯನ್ನೂ ಸ್ವತಃ ಬಿಡಿಸಿ ನೋಡಿ, ಬಳಸಿದ್ದನ್ನು ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು. ಪ್ರಗತಿ ಪತ್ರಕ್ಕೆ ಷರಾ ಬರೆಸುವ ಅವಸರದಲ್ಲಿ ಇಡೀ ತರಗತಿಯ ಅಂಕಪಟ್ಟಿಯನ್ನು ಅಂಟಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು: ಹೆಸರು, ಸ್ಯಾಟ್ಸ್ ಸಂಖ್ಯೆ (ವಿದ್ಯಾರ್ಥಿಯ ಸರ್ಕಾರಿ ಗುರುತಿನ ಸಂಖ್ಯೆ), ಜಾತಿ, ಫೋಟೊ, ಮನೆಯ ಪರಿಸ್ಥಿತಿ ಇವು ಯಾವುವೂ ಎಐಗೆ ಹೋಗಬಾರದು. ಉತ್ತರ ಪತ್ರಿಕೆಗೆ ಅಂಕ ಹಾಕುವ ಕೆಲಸವನ್ನಂತೂ ಯಂತ್ರಕ್ಕೆ ಬಿಡಬೇಡಿ. ಅಂಕಕ್ಕೆ ಕಾರಣ ಕೇಳುವ ಹಕ್ಕು ಮಗುವಿಗಿದೆ, ಅದಕ್ಕೆ ಉತ್ತರ ಕೊಡಬೇಕಾದವರು ನಾವು.

ಇಷ್ಟಾದರೂ ಯಾರಾದರೂ ಪೂರ್ತಿ ಬರೆಸಿಕೊಂಡು ತಂದರೆ, ಆ ಭಾಗವನ್ನು ಒಂದು ವಾರದೊಳಗೆ ಶಾಲೆಯಲ್ಲಿ ಕುಳಿತು ಮತ್ತೆ ಬರೆಯುವ ಅವಕಾಶ ಕೊಟ್ಟು, ಆ ಬರಹಕ್ಕೇ ಅಂಕ ನೀಡಿ. ಎರಡನೇ ಸಲವೂ ಹಾಗೆಯೇ ಮಾಡಿದರೆ ಆ ಭಾಗದ ಅಂಕ ಮಾತ್ರ ಹೋಗಲಿ, ಇಡೀ ಯೋಜನಾ ಕಾರ್ಯದ್ದಲ್ಲ. ಪೋಷಕರನ್ನು ಕರೆಸುವುದಾದರೆ ತರಗತಿಯ ಎದುರು ಬೇಡ, ಶಾಲೆ ಬಿಟ್ಟ ಮೇಲೆ ಕರೆಸಿ. ಆ ಮಗುವಿನ ಮುಂದಿನ ಕೆಲಸದಲ್ಲಿ ಎಐ ಹಂತವೇ ಇಲ್ಲದಂತೆ ಪ್ರಶ್ನೆಯನ್ನು ಬದಲಿಸಿ ಕೊಡಿ.