ಡೀಸಲ್ ಪಂಪಿನ ಸೀಲು ಒಡೆದ ಮೇಲೆ ನನ್ನ ಟ್ರ್ಯಾಕ್ಟರ್ ವಾರಂಟಿ ಏನಾಯ್ತು

ನಮ್ಮ ಜಮೀನು ಇರುವುದು ಮಂಡ್ಯ ತಾಲ್ಲೂಕಿನಲ್ಲಿ, ವಿ.ಸಿ. ನಾಲೆ ನೀರು ಹರಿಯುವ ಬಯಲಿನಲ್ಲಿ. ಭತ್ತ, ಕಬ್ಬು ಎರಡೂ ಇದೆ. 2021ರಲ್ಲಿ 45 ಎಚ್‌ಪಿ ಟ್ರ್ಯಾಕ್ಟರ್ ತಗೊಂಡೆ. ನಮ್ಮ ಉಳುಮೆ ಮುಗಿದ ಮೇಲೆ ಊರಿನವರ ಕಬ್ಬನ್ನು ಕಾರ್ಖಾನೆಗೆ ಹೊಡೆಯುವುದು, ಆ ದುಡ್ಡಿನಲ್ಲೇ ಬ್ಯಾಂಕಿನ ಕಂತು ಕಟ್ಟುವುದು. ವಾರಂಟಿ ಎರಡು ವರ್ಷ ಅಥವಾ 2,000 ಗಂಟೆ, ಯಾವುದು ಮೊದಲು ಮುಗಿಯುತ್ತೋ ಅದು. ಆ ವಾರಂಟಿಯಲ್ಲಿ ಅರ್ಧ ಕಳಕೊಂಡು ಅರ್ಧ ಉಳಿಸಿಕೊಂಡೆ. ಎರಡೂ ಹೇಗಾಯ್ತು ಅಂತ ಬರೆಯುತ್ತಿದ್ದೇನೆ. ನಮ್ಮ ಕಡೆ ಎಷ್ಟೋ ಜನ ಎಂಜಿನ್ನಿಗೆ ಡೀಸಲ್ ಕೊಡುವ ಪಂಪಿನ ಸೀಲು ಒಡೆಸಿ ಡೀಸಲ್ ಜಾಸ್ತಿ ಮಾಡಿಸುತ್ತಾರೆ, ಮಾಡಿಸಿದ ಮೇಲೆ ವಾರಂಟಿ ಪೂರ್ತಿ ಹೋಯ್ತು ಅಂತ ಸುಮ್ನೆ ಕೂತುಬಿಡುತ್ತಾರೆ.

ಮಳೆ ಬಿದ್ದ ಮೇಲೆ ಕಬ್ಬಿನ ಗದ್ದೆಯಿಂದ ಲೋಡು ಈಚೆಗೆ ತರುವುದು ಎಂಥ ಕಷ್ಟ ಅಂತ ಮಾಡಿದವರಿಗೇ ಗೊತ್ತು. ಟ್ರೈಲರ್ ತುಂಬಿರುತ್ತದೆ, ಹಿಂದಿನ ಚಕ್ರ ಕೆಸರಿನಲ್ಲಿ ಸುತ್ತುತ್ತಲೇ ಇರುತ್ತದೆ, ಕೂಲಿಯವರು ಸೋಗೆ ತಂದು ಚಕ್ರದ ಕೆಳಗೆ ಹಾಕುತ್ತಾರೆ, ಆದರೂ ಗಾಡಿ ಕದಲುವುದಿಲ್ಲ. ಅಂಥ ಒಂದು ದಿನ ಪರಿಚಯದ ಪಂಪ್ ಮೆಕ್ಯಾನಿಕ್ ಒಬ್ಬ ಹೇಳಿದ: ‘ಪಂಪ್‌ನಲ್ಲಿ ಡೀಸಲ್ ಒಂಚೂರು ಜಾಸ್ತಿ ಬುಟ್ರೆ ಹೆಂಗೆ ಎಳೀತದೆ ನೋಡಣ್ಣ, ಹತ್ತು ನಿಮಿಷದ ಕೆಲ್ಸ.’ ನಾನು ಒಪ್ಪಿದೆ. ಆಗ ಗಾಡಿ ಓಡಿದ್ದು 600 ಗಂಟೆ.

ಮೆಕ್ಯಾನಿಕ್ ಅಂದು ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಪಂಪು ಒಂದು ಸಲಕ್ಕೆ ಎಷ್ಟು ಡೀಸಲ್ ಕೊಡಬಹುದು ಅಂತ ಮಿತಿ ಇಡುವ ಒಂದು ಸ್ಕ್ರೂ ಇದೆ. ಅದರ ತಲೆಯ ತೂತಿನಲ್ಲಿ ಕೂದಲಿನಷ್ಟು ಸಣ್ಣ ಎರಡೆಳೆ ತಂತಿ ತೂರಿಸಿ, ತುದಿಗೆ ಅವರೆಕಾಳಿನಷ್ಟು ದೊಡ್ಡ ಸೀಸದ ಗುಂಡು ಒತ್ತಿರುತ್ತಾರೆ. ಗುಂಡಿನ ಮೇಲೆ ಎರಡು ಅಕ್ಷರ ಅಚ್ಚಾಗಿರುತ್ತದೆ. ಅದೇ ಸೀಲು. ಕಟಿಂಗ್ ಪ್ಲೇಯರ್‌ನಲ್ಲಿ ತಂತಿ ಕತ್ತರಿಸಿದಾಗ ಆ ಗುಂಡು ಉರುಳಿ ಮಣ್ಣಿಗೆ ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ. ಆ ತಂತಿ ಇದ್ದದ್ದು ಸ್ಕ್ರೂ ಅಲುಗಾಡದಿರಲಿ ಅಂತಲ್ಲ. ಪಂಪಿಗೆ ಯಾರೂ ಕೈ ಹಾಕಿಲ್ಲ ಅನ್ನುವುದಕ್ಕೆ ಅದು ಗುರುತು.

ಮೊದಲ ಹದಿನೈದು ದಿನ ಎಳೆತ ನಿಜವಾಗಿಯೂ ಜಾಸ್ತಿಯಾಗಿತ್ತು. ಜೊತೆಗೆ ಕಪ್ಪು ಹೊಗೆಯೂ ಶುರುವಾಯ್ತು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ತಾನು ಎಳೆದುಕೊಳ್ಳುವಷ್ಟು ಗಾಳಿಯನ್ನು ಮಾತ್ರ ಎಳೆದುಕೊಳ್ಳುತ್ತದೆ. ಡೀಸಲ್ ಜಾಸ್ತಿ ಕೊಟ್ಟ ಮಾತ್ರಕ್ಕೆ ಗಾಳಿ ಜಾಸ್ತಿ ಬರುವುದಿಲ್ಲ. ಸ್ವಲ್ಪ ಎಳೆತ ಸಿಗುತ್ತದೆ, ಮಿಕ್ಕ ಡೀಸಲ್ ಸರಿಯಾಗಿ ಉರಿಯದೆ ಹೊಗೆಯಾಗುತ್ತದೆ, ಎಂಜಿನ್ ಒಳಗೆ ಬಿಸಿ ಏರುತ್ತದೆ, ಇನ್ನೂ ಮಿಕ್ಕಿದ್ದು ಪಿಸ್ಟನ್ ಓಡಾಡುವ ಕೊಳವೆಯ, ಅಂದರೆ ಲೈನರಿನ, ಗೋಡೆಗೆ ಅಂಟಿದ ಆಯಿಲನ್ನು ತೊಳೆದುಕೊಂಡು ಕೆಳಗೆ ಇಳಿದು ಎಂಜಿನ್ ತಳದ ಚೇಂಬರಿನ ಆಯಿಲಿಗೆ ಸೇರಿಕೊಳ್ಳುತ್ತದೆ. ಒಂದು ಬೆಳಗ್ಗೆ ಆಯಿಲ್ ಕಡ್ಡಿ ಎಳೆದು ನೋಡಿದರೆ ಮಟ್ಟ ಮೇಲಿನ ಗೆರೆ ದಾಟಿತ್ತು. ನಾನು ಆಯಿಲ್ ಹಾಕಿರಲಿಲ್ಲ. ಬೆರಳಿಗೆ ಹಚ್ಚಿ ಉಜ್ಜಿದೆ, ನೀರಿನ ಹಾಗೆ ತೆಳ್ಳಗೆ, ಮೂಸಿದರೆ ಡೀಸಲ್ ವಾಸನೆ. ಅವತ್ತೇ ಸ್ಕ್ರೂ ಹಿಂದಕ್ಕೆ ತಿರುಗಿಸಿ ಆಯಿಲ್ ಬದಲಾಯಿಸಬೇಕಿತ್ತು. ಕಬ್ಬಿನ ಕೆಲಸ ನಡೆಯುತ್ತಿತ್ತು, ಮುಂದಕ್ಕೆ ಹಾಕಿದೆ.

780 ಗಂಟೆಗೆ ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಹೊಗೆ ಬರತೊಡಗಿತು, ಸ್ಟಾರ್ಟ್ ಆಗುವುದೂ ಕಷ್ಟವಾಯ್ತು. ಸರ್ವಿಸ್ ಸೆಂಟರಿಗೆ ತಗೊಂಡು ಹೋದೆ. ಅಲ್ಲಿನ ಹುಡುಗ ಬಾನೆಟ್ ತೆಗೆದವನೇ ಎಂಜಿನ್ ನೋಡಲಿಲ್ಲ, ಮೊದಲು ಪಂಪ್ ನೋಡಿದ. ‘ಸೀಲ್ ಇಲ್ವಲ್ಲ ಅಣ್ಣ’ ಅಂದ. ಅಲ್ಲಿಗೆ ಅರ್ಧ ಮಾತು ಮುಗಿದುಹೋಯ್ತು. ಎಂಜಿನ್ ಬಿಚ್ಚಿದಾಗ ಮೂರನೇ ಪಿಸ್ಟನ್ನಿನ ಪಕ್ಕದಲ್ಲಿ ಉದ್ದುದ್ದ ಗೀರು, ಲೈನರ್‌ನಲ್ಲೂ ಅದೇ ಗೀರು. ಪಿಸ್ಟನ್, ರಿಂಗ್, ಲೈನರ್, ಹೆಡ್ ಗ್ಯಾಸ್ಕೆಟ್, ಪಂಪ್ ಕ್ಯಾಲಿಬ್ರೇಶನ್, ಕೂಲಿ ಎಲ್ಲ ಸೇರಿ 68 ಸಾವಿರ. ಕೈಯಿಂದ ಕಟ್ಟಿದೆ. ಆ ಬಗ್ಗೆ ನನಗೆ ತಕರಾರಿಲ್ಲ. ನಾನು ಮುಟ್ಟಿಸಿದ್ದು ಪಂಪು, ಪಂಪಿನ ಡೀಸಲ್ ಹೋಗುವುದು ಪಿಸ್ಟನ್ ಮೇಲೆ, ಕೆಟ್ಟದ್ದೂ ಪಿಸ್ಟನ್ನೇ.

ತಕರಾರು ಇದ್ದದ್ದು ಬೇರೆ ಕಡೆ. ನನ್ನ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟ್ ಮೊದಲಿಂದಲೂ ಸರಿ ಇರಲಿಲ್ಲ. ಕಲ್ಟಿವೇಟರ್ ಎತ್ತಿ ನಿಲ್ಲಿಸಿದರೆ ಐದೇ ನಿಮಿಷದಲ್ಲಿ ತಾನಾಗಿ ಕೆಳಗೆ ಇಳಿಯುತ್ತಿತ್ತು. ಇದನ್ನೂ ವಾರಂಟಿಯಲ್ಲಿ ಮಾಡಿಕೊಡಿ ಅಂದರೆ, ‘ಸೀಲ್ ಒಡೆದ ಮೇಲೆ ಗಾಡಿಗೇ ವಾರಂಟಿ ಇಲ್ಲ’ ಅಂತ ಬಾಯಲ್ಲೇ ಹೇಳಿ ಕಳಿಸಿದರು. ಲಿಫ್ಟಿಗೂ ಡೀಸಲ್ ಪಂಪಿಗೂ ಏನು ಸಂಬಂಧ?

ಮನೆಗೆ ಬಂದು ವಾರಂಟಿ ಪುಸ್ತಕ ಓದಿದೆ. ಅದುವರೆಗೂ ಅದನ್ನು ತೆರೆದೇ ಇರಲಿಲ್ಲ. ಅದರಲ್ಲಿ ಇದ್ದದ್ದು, ಕಂಪನಿ ಒಪ್ಪದ ಬದಲಾವಣೆಯಿಂದ ಆದ ಹಾನಿಗೆ ವಾರಂಟಿ ಇಲ್ಲ ಅಂತ. ‘ಬದಲಾವಣೆಯಿಂದ ಆದ’ ಅನ್ನುವ ಆ ಎರಡು ಪದ ನನ್ನನ್ನು ಉಳಿಸಿತು. ಪುಸ್ತಕಗಳು ಒಂದೇ ಥರ ಇರುವುದಿಲ್ಲ, ಕೆಲವು ಇನ್ನೂ ಬಿಗಿಯಾಗಿರಬಹುದು, ನಿಮ್ಮದನ್ನು ನೀವೇ ಓದಿ. ಆಮೇಲೆ ಸರ್ವಿಸ್ ಸೆಂಟರಿನವರು ಬರೆದುಕೊಟ್ಟ ಹಳೇ ಜಾಬ್ ಕಾರ್ಡ್‌ಗಳನ್ನು ಹುಡುಕಿದೆ. 550 ಗಂಟೆಯ ಸರ್ವಿಸ್ ಕಾರ್ಡಿನಲ್ಲಿ ‘ಲಿಫ್ಟ್ ಇಳಿಯುತ್ತಿದೆ’ ಅಂತ ಅವರದೇ ಕೈಬರಹದಲ್ಲಿ ಇತ್ತು. ಸೀಲ್ ಒಡೆದದ್ದು 600ಕ್ಕೆ. ಅಂದರೆ ಈ ದೂರು ಅದಕ್ಕಿಂತ ಹಿಂದಿನದು.

ಒಂದು ಪತ್ರ ಬರೆದೆ, ಕನ್ನಡದಲ್ಲೇ. ಸೀಲ್ ಒಡೆದದ್ದು ನಿಜ ಅಂತ ಮೊದಲ ಸಾಲಿನಲ್ಲೇ ಒಪ್ಪಿಕೊಂಡೆ, ಎಂಜಿನ್ ಖರ್ಚು ನಾನೇ ಕಟ್ಟಿದ್ದೇನೆ ಅಂತಲೂ ಬರೆದೆ. ಆಮೇಲೆ ಎರಡೇ ಪ್ರಶ್ನೆ. ಡೀಸಲ್ ಪಂಪಿನ ಸೆಟ್ಟಿಂಗ್‌ನಿಂದ ಲಿಫ್ಟ್ ಹೇಗೆ ಕೆಟ್ಟಿತು? ವಾರಂಟಿ ಕೊಡುವುದಿಲ್ಲ ಅಂದರೆ ಯಾವ ಷರತ್ತಿನ ಪ್ರಕಾರ, ಬರವಣಿಗೆಯಲ್ಲಿ ಕೊಡಿ. ಜಾಬ್ ಕಾರ್ಡಿನ ಜೆರಾಕ್ಸ್ ಲಗತ್ತಿಸಿ, ಒಂದು ಪ್ರತಿ ಡೀಲರಿಗೆ ಕೊಟ್ಟು ಇನ್ನೊಂದರ ಮೇಲೆ ಅವರ ಮೊಹರು, ಸಹಿ ಹಾಕಿಸಿಕೊಂಡೆ. ಮಗಳ ಕೈಲಿ ಅದನ್ನೇ ಕಂಪನಿಗೆ ಇಮೇಲ್ ಮಾಡಿಸಿದೆ. ಹನ್ನೊಂದನೇ ದಿನಕ್ಕೆ ಕಂಪನಿಯ ಎಂಜಿನಿಯರ್ ಬಂದು ನೋಡಿದರು. ಲಿಫ್ಟಿನ ಕಂಟ್ರೋಲ್ ವಾಲ್ವ್, ಆಯಿಲ್ ಸೋರದ ಹಾಗೆ ತಡೆಯುವ ಒಳಗಿನ ಸೀಲುಗಳು ವಾರಂಟಿಯಲ್ಲೇ ಬದಲಾದವು, ಕೂಲಿಯೂ ಕೇಳಲಿಲ್ಲ. ಪಂಪಿನ ಸೀಲ್ ಒಡೆದ ವಿಷಯ ಮುಚ್ಚಿಟ್ಟು ವಾದ ಮಾಡಿದ್ದರೆ ಇದು ಆಗುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಅವರು ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು ಅಂತ ಯೋಚನೆ ಮಾಡಿದ್ದೆ. ಬಾಡಿಗೆ ಹೊಡೆಯುವ ಗಾಡಿಗೆ ಗ್ರಾಹಕ ಕಾಯ್ದೆ ಬರಲ್ಲ ಅಂತ ಕೆಲವರು ಹೆದರಿಸುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಬಳಸುವ ವಸ್ತುವನ್ನು ವ್ಯಾಪಾರದ ಉದ್ದೇಶ ಅಂತ ಲೆಕ್ಕ ಹಾಕುವುದಿಲ್ಲ. 1915ಕ್ಕೆ ಫೋನ್ ಮಾಡಿದರೆ ಗ್ರಾಹಕರ ಸಹಾಯವಾಣಿ ಸಿಗುತ್ತದೆ. ದೂರು ಕೊಡಲು ಎರಡು ವರ್ಷದ ಗಡುವು ಇದೆ, ಅದನ್ನು ಮಾತ್ರ ನೆನಪಿಡಿ.

ನನಗೆ ನಿಜವಾಗಿ ಬೇಕಾಗಿದ್ದದ್ದು ಡೀಸಲ್ಲೇ ಅಲ್ಲ ಅಂತ ಆ ಎಂಜಿನಿಯರ್ ಅವತ್ತು ತೋರಿಸಿಕೊಟ್ಟರು. ಚಕ್ರ ಸುತ್ತುತ್ತಿತ್ತು ಅಂದರೆ ಎಂಜಿನ್ನಿಗೆ ಶಕ್ತಿ ಇತ್ತು ಅಂತಲೇ ಅರ್ಥ, ಅಲ್ವಾ? ನೆಲದ ಹಿಡಿತ ಸಾಲದಿತ್ತು. ಹಿಂದಿನ ಟೈರುಗಳಿಗೆ ನೀರು ತುಂಬಿಸಿದೆ. ವಾಲ್ವ್ ಮೇಲ್ಗಡೆಗೆ ಬರುವ ಹಾಗೆ ಚಕ್ರ ನಿಲ್ಲಿಸಿ, ಆ ಮಟ್ಟದವರೆಗೆ ನೀರು ಬಿಟ್ಟರೆ ಮುಕ್ಕಾಲು ಭಾಗ ತುಂಬುತ್ತದೆ, ಮಿಕ್ಕಿದ್ದಕ್ಕೆ ಗಾಳಿ. ಚಕ್ರಕ್ಕೆ ಕಂಪನಿಯದೇ ವೇಟ್ ಹಾಕಿಸಿದೆ. ಸಿಕ್ಕಿಬಿದ್ದಾಗ ನೇರವಾಗಿ ಎಳೆಯುವಾಗ ಮಾತ್ರ ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವ ಹಾಗೆ ಮಾಡುವ ಡಿಫರೆನ್ಷಿಯಲ್ ಲಾಕ್ ಒತ್ತುತ್ತೇನೆ, ತಿರುವಿನಲ್ಲಿ ಒತ್ತುವುದಿಲ್ಲ. ಇದೆಲ್ಲ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲೇ ಇದೆ, ವಾರಂಟಿಗೆ ಏನೂ ತೊಂದರೆ ಇಲ್ಲ.

ಮೈಸೂರಿನಲ್ಲಿರುವ ಅಕ್ಕನ ಮಗ ಹೋದ ತಿಂಗಳು ಫೋನ್ ಮಾಡಿದ್ದ. ‘ಮಾವ, ಕಾರಿನ ಇಸಿಯು ರೀಮ್ಯಾಪ್ ಮಾಡಿಸ್ತೀನಿ, ಸರ್ವಿಸ್‌ಗೆ ಬಿಡೋ ಮುಂಚೆ ಹಳೇ ಸಾಫ್ಟ್‌ವೇರ್ ವಾಪಸ್ ಹಾಕಿಸಿದ್ರೆ ಗೊತ್ತಾಗಲ್ಲ.’ ಗೊತ್ತಾಗುತ್ತದೆ. ಇಸಿಯು ಅಂದರೆ ಎಂಜಿನ್ನನ್ನು ನಡೆಸುವ ಪುಟ್ಟ ಕಂಪ್ಯೂಟರ್, ರೀಮ್ಯಾಪ್ ಅಂದರೆ ಎಳೆತ ಜಾಸ್ತಿಯಾಗಲಿ ಅಂತ ಅದರ ಸಾಫ್ಟ್‌ವೇರ್ ಬದಲಾಯಿಸುವುದು. ಅದರ ಒಳಗಿನ ಸಾಫ್ಟ್‌ವೇರಿಗೆ ಒಂದು ಗುರುತಿನ ಸಂಖ್ಯೆ, ಅದು ಬದಲಾಗಿದೆಯಾ ಅಂತ ತಾಳೆ ನೋಡುವ ಒಂದು ಸಂಖ್ಯೆ ಇರುತ್ತದೆ. ಎಷ್ಟು ಸಲ ಬರೆದಿದ್ದಾರೆ ಅನ್ನುವ ಲೆಕ್ಕವನ್ನೂ ಎಷ್ಟೋ ಇಸಿಯುಗಳು ಇಟ್ಟುಕೊಳ್ಳುತ್ತವೆ, ಹಳೆಯದನ್ನು ವಾಪಸ್ ಹಾಕಿದರೆ ಆ ಲೆಕ್ಕ ಇನ್ನೊಂದು ಜಾಸ್ತಿಯಾಗುತ್ತದೆ. ಅಮೆರಿಕದಲ್ಲಿ ಹಾಗೆಲ್ಲ ವಾರಂಟಿ ತೆಗೆಯೋ ಹಾಗಿಲ್ಲ ಅಂದ. ಹೊರಗಿನ ಪಾರ್ಟ್ ಹಾಕಿದ ಮಾತ್ರಕ್ಕೆ ವಾರಂಟಿ ನಿರಾಕರಿಸಬಾರದು ಅನ್ನುವ 1975ರ ಕಾಯ್ದೆ ಅಲ್ಲಿ ಇದೆ, ನಿಜ. ಇಲ್ಲಿ ನಮ್ಮ ಕೈಲಿ ಇರುವುದು ವಾರಂಟಿ ಪುಸ್ತಕ ಮತ್ತು ಗ್ರಾಹಕ ಕಾಯ್ದೆ. ಜೊತೆಗೆ, ಕಂಪನಿ ಮಾಡಿಕೊಟ್ಟ ಗಾಡಿಯನ್ನು ಅನುಮತಿ ಇಲ್ಲದೆ ಬದಲಾಯಿಸಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು ಅಂತ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ್ದಾರೆ. ವಾರಂಟಿ ಮುಗಿಯುವವರೆಗಾದರೂ ಮುಟ್ಟಬೇಡ ಅಂದೆ.

ಕ್ಯಾಲಿಬ್ರೇಶನ್ ಆದ ಮೇಲೆ ನನ್ನ ಪಂಪಿಗೆ ಹೊಸ ಸೀಲ್ ಹಾಕಿಕೊಟ್ಟರು. ಆ ಬಿಲ್ಲು, ಜಾಬ್ ಕಾರ್ಡ್‌ಗಳು, ಪತ್ರ ಎಲ್ಲ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಬೀರುವಿನಲ್ಲಿದೆ. ಗಾಡಿಯನ್ನು ಯಾರದೇ ಗ್ಯಾರೇಜಿನಲ್ಲಿ ಬಿಟ್ಟು ಬರುವ ಮುಂಚೆ ಪಂಪಿನ ಸೀಲಿನದೊಂದು, ಗಂಟೆ ಮೀಟರಿನದೊಂದು ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳುತ್ತೇನೆ.