ಗೇಣು, ಮೊಳ, ಮಾರು: ಉಳಿದ ಉಲ್ಲನ್ ನೂಲಿಗೊಂದು ಕೆಲಸ

ಕಾಸರಗೋಡಿನ ಸೆಕೆಗೆ ಉಲ್ಲನ್ ನೂಲು ಯಾಕೆ ಬೇಕು ಅಂತ ನೀವು ಕೇಳಬಹುದು. ಸ್ವೆಟರ್ ಹಾಕುವಂಥ ಚಳಿ ನಮ್ಮಲ್ಲಿ ಇಲ್ಲ. ಆದರೂ ನೂಲು ಮನೆಗೆ ಬರುತ್ತಲೇ ಇರುತ್ತದೆ. ಹುಟ್ಟಿದ ಮಗುವಿಗೆ ಟೊಪ್ಪಿ ಹೆಣೆಯಲು ತರುತ್ತೇವೆ. ಬಾಗಿಲ ತೋರಣಕ್ಕೆ ತರುತ್ತೇವೆ. ಮಕ್ಕಳ ಶಾಲೆಯ ಕ್ರಾಫ್ಟಿಗೆ ತರುತ್ತೇವೆ. ಕೆಲಸ ಮುಗಿದ ಮೇಲೆ ಅರ್ಧ ಉಂಡೆ, ಕಾಲು ಉಂಡೆ, ಸಿಕ್ಕುಬಿದ್ದ ಒಂದು ಹಿಡಿ ನೂಲು ಉಳಿಯುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮುಗ್ಗಲು ವಾಸನೆ. ಕೊನೆಗೆ ಒಲೆಗೋ ತೆಂಗಿನ ಬುಡಕ್ಕೋ ಹೋಗುತ್ತದೆ. ನನಗೆ ಅದು ನೋಡಲಿಕ್ಕೇ ಆಗುವುದಿಲ್ಲ.

ಕಾಸರಗೋಡು ಜಿಲ್ಲೆಯಾದ 1984ರಲ್ಲೇ ನಾನು ಮದುವೆಯಾಗಿ ಈ ಮನೆಗೆ ಬಂದದ್ದು. ಆಗ ಅತ್ತೆ ಹೇಳಿಕೊಟ್ಟ ಒಂದು ಮಾತು ಇವತ್ತಿಗೂ ಕೈ ಹಿಡಿದು ನಡೆಸುತ್ತಿದೆ. ಉಳಿದ ನೂಲನ್ನು ಬಣ್ಣ ನೋಡಿ ಬೇರೆ ಮಾಡಬೇಡ, ಉದ್ದ ನೋಡಿ ಮಾಡು ಅಂತ. ನಾವೆಲ್ಲ ಮೊದಲು ಕೆಂಪು ಒಂದು ಕಡೆ, ಹಸಿರು ಒಂದು ಕಡೆ ಇಡುತ್ತೇವೆ. ಆಮೇಲೆ ಏನು ಮಾಡುವುದು ಅಂತ ಗೊತ್ತಾಗದೆ ಕೂರುತ್ತೇವೆ. ಬಣ್ಣವನ್ನು ಹೇಗಾದರೂ ಹೊಂದಿಸಬಹುದು. ಇಲ್ಲದ ಉದ್ದವನ್ನು ಎಲ್ಲಿಂದ ತರುವುದು?

ಅಳತೆಗೆ ಟೇಪು ಬೇಡ. ಹೂವು ಅಳೆಯುವ ಹಾಗೆ ಕೈಯಲ್ಲೇ ಅಳೆಯಿರಿ. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಗೇಣಿಗಿಂತ ಕಡಿಮೆ ಇರುವ ತುಂಡುಗಳು ಒಂದು ಡಬ್ಬಕ್ಕೆ. ಗೇಣಿನಿಂದ ಮೊಳದವರೆಗಿನದು ಇನ್ನೊಂದಕ್ಕೆ. ಮೊಳದಿಂದ ಮಾರಿನವರೆಗಿನದು ಮೂರನೆಯದಕ್ಕೆ. ಮಾರಿಗಿಂತ ಉದ್ದ ಇದ್ದರೆ ಉಂಡೆ ಸುತ್ತಿ. ಬಿಗಿಯಾಗಿ ಸುತ್ತಬೇಡಿ, ನೂಲು ಎಳೆದುಕೊಂಡು ಜೀವ ಕಳೆದುಕೊಳ್ಳುತ್ತದೆ. ಎರಡು ಬೆರಳು ಒಳಗಿಟ್ಟು ಅದರ ಮೇಲೆ ಸುತ್ತಿ, ಬೆರಳು ತೆಗೆದರೆ ಉಂಡೆ ಮೆತ್ತಗಿರುತ್ತದೆ. ಸಿಕ್ಕು ಬಿಡಿಸುವಾಗ ತುದಿ ಹಿಡಿದು ಎಳೆಯಬಾರದು. ಗಂಟನ್ನು ಸುತ್ತಲೂ ಸಡಿಲಿಸಿ ಅಗಲ ಮಾಡುತ್ತಾ ಹೋದರೆ ತುದಿ ತಾನಾಗಿ ಹೊರಗೆ ಬರುತ್ತದೆ.

ಇನ್ನೊಂದು ವಿಷಯ ಮೊದಲೇ ತಿಳಿದುಕೊಳ್ಳಿ. ಉಲ್ಲನ್ ಅಂತ ನಾವು ಪೇಟೆಯಿಂದ ತರುವುದು ಹೆಚ್ಚಿನದೂ ಕುರಿಯ ಉಣ್ಣೆ ಅಲ್ಲ, ಅಕ್ರಿಲಿಕ್. ಅನುಮಾನ ಇದ್ದರೆ ಎರಡು ಇಂಚಿನ ತುಂಡನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ಪಾತ್ರೆ ಇಟ್ಟು, ತುದಿಗೆ ಬೆಂಕಿ ತಾಗಿಸಿ ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಕಪ್ಪು ಮಣಿಯ ಹಾಗೆ ಗಟ್ಟಿಯಾದರೆ ಅಕ್ರಿಲಿಕ್. ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ಕೇ. ಹಾಗಾಗಿ ಒಲೆಗೂ ಹಾಕಬಾರದು, ಗೊಬ್ಬರದ ಗುಂಡಿಗೂ ಹಾಕಬಾರದು. ಇದು ನನಗೆ ಗೊತ್ತಾದದ್ದು ಒಂದು ದೀಪಾವಳಿಗೆ. ಬಾಗಿಲ ಪಕ್ಕದ ಗೂಡಿನಲ್ಲಿ ಹಣತೆ ಇಟ್ಟಿದ್ದೆ, ಮೇಲೆ ಹೊಸ ತೋರಣ. ಗಾಳಿಗೆ ಒಂದು ಕುಚ್ಚು ಬಾಗಿತು. ಕ್ಷಣದಲ್ಲಿ ಹತ್ತಿಕೊಂಡು ಕರಗಿ ಹೊಸ್ತಿಲ ಮೇಲೆ ತೊಟ್ಟಿಕ್ಕಿತು. ಮಗ ನೀರು ಎರಚಿದ್ದರಿಂದ ಅಷ್ಟಕ್ಕೇ ನಿಂತಿತು. ಹೊಸ್ತಿಲಲ್ಲಿ ಆ ಕರಿ ಕಲೆ ಇನ್ನೂ ಇದೆ. ದೀಪದ ಹತ್ತಿರ, ದೇವರ ಕೋಣೆಯ ಒಳಗೆ, ಗ್ಯಾಸ್ ಒಲೆಯ ಮೇಲೆ ಉಲ್ಲನ್ ಅಲಂಕಾರ ಬೇಡವೇ ಬೇಡ.

ಈಗ ಕೆಲಸಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟ ಅಡಿಕೆ ಹಾಳೆಯ ಬಟ್ಟಲಿಗೆ ನೂಲು ನೇಯ್ದು ಮಾಡುವ ಬುಟ್ಟಿ. ಅಡಿಕೆ ತೋಟದ ಊರು ನಮ್ಮದು, ಒಂದು ಪೂಜೆಯೋ ಮದುವೆಯೋ ಮುಗಿದರೆ ಬಳಸದ ಹಾಳೆ ಬಟ್ಟಲು ನಾಲ್ಕಾದರೂ ಮನೆಯಲ್ಲಿ ಉಳಿದಿರುತ್ತವೆ ಅಲ್ವಾ? ಬಾಯಿ 6 ಇಂಚು ಅಗಲ ಇರುವ, ಸ್ವಲ್ಪ ಆಳದ ಬಟ್ಟಲು ತೆಗೆದುಕೊಳ್ಳಿ. ಅಂಚನ್ನು ಒದ್ದೆ ಬಟ್ಟೆಯಲ್ಲಿ ಸುಮಾರು ಕಾಲು ಗಂಟೆ ಸುತ್ತಿಡಿ. ಒಣ ಹಾಳೆಗೆ ಕತ್ತರಿ ಹಾಕಿದರೆ ನಾರಿನ ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ಆಮೇಲೆ ಅಂಚಿನಿಂದ ತಳದ ಹತ್ತಿರದವರೆಗೆ ಸುತ್ತಲೂ ಸೀಳು ಕತ್ತರಿಸಿ. 17 ಸೀಳು ಸಾಕು. 15 ಆದರೂ ಆಗುತ್ತದೆ, 19 ಆದರೂ ಆಗುತ್ತದೆ. 16 ಮಾತ್ರ ಆಗುವುದಿಲ್ಲ. ಬೆಸ ಸಂಖ್ಯೆಯೇ ಬೇಕು.

ಯಾಕೆ ಅಂದರೆ ಸೀಳುಗಳ ನಡುವೆ ಉಳಿಯುವ ಪಟ್ಟಿಗಳಲ್ಲಿ ನೂಲಿನ ನೇಯ್ಗೆ ಒಂದು ಪಟ್ಟಿಯ ಮುಂದೆ, ಮತ್ತೊಂದರ ಹಿಂದೆ ಹೀಗೆ ಹೋಗುತ್ತದೆ. ಪಟ್ಟಿಗಳು ಬೆಸ ಇದ್ದರೆ ಎರಡನೇ ಸುತ್ತಿನಲ್ಲಿ ತಾನಾಗಿ ಅದಲುಬದಲಾಗುತ್ತದೆ. ಮುಂದೆ ಹೋದ ಕಡೆ ನೂಲು ಈಗ ಹಿಂದೆ ಹೋಗುತ್ತದೆ. ಸಮ ಇದ್ದರೆ ನೂಲು ಪ್ರತಿ ಸುತ್ತೂ ಅದೇ ದಾರಿ ಹಿಡಿಯುತ್ತದೆ, ನೇಯ್ಗೆ ನಿಲ್ಲುವುದೇ ಇಲ್ಲ, ಎಲ್ಲ ಜಾರಿ ಮೇಲೆ ಬರುತ್ತದೆ. ಎಣಿಕೆ ತಪ್ಪಿ ಸಮ ಆಗಿದ್ದರೆ ಚಿಂತೆ ಬೇಡ, ಅಗಲವಾದ ಒಂದು ಪಟ್ಟಿಯನ್ನು ಎರಡಾಗಿ ಸೀಳಿಬಿಡಿ.

ಇದಕ್ಕೆ ಮೂರನೇ ಡಬ್ಬದ ನೂಲು, ಮೊಳದಿಂದ ಮಾರಿನವರೆಗಿನದು. ಇಷ್ಟು ಅಗಲದ ಬಟ್ಟಲಿಗೆ ಒಂದು ಸುತ್ತಿಗೆ ಒಂದು ಮೊಳಕ್ಕಿಂತ ತುಸು ಜಾಸ್ತಿ ಬೇಕು. ಹಾಗಾಗಿ ಯಾವ ತುಂಡು ಎಷ್ಟು ಸುತ್ತು ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ತುದಿಯನ್ನು ಒಳಗಡೆ ಒಂದು ಸೀಳಿಗೆ ಸಿಕ್ಕಿಸಿ ಶುರು ಮಾಡಿ. ಒಂದು ತುಂಡು ಮುಗಿದಾಗ ಇನ್ನೊಂದಕ್ಕೆ ಗಂಟು ಹಾಕಿ, ಗಂಟು ಪಟ್ಟಿಯ ಹಿಂದೆ ಬರುವ ಹಾಗೆ ನೋಡಿಕೊಳ್ಳಿ. ಎಳೆಯುವುದು ಹದವಾಗಿರಲಿ. ನನ್ನ ಮೊದಲನೇ ಬುಟ್ಟಿ ಬಿಗಿ ಜಾಸ್ತಿಯಾಗಿ ಮೊಗ್ಗಿನ ಹಾಗೆ ಬಾಯಿ ಮುಚ್ಚಿಕೊಂಡಿತು. ಎರಡು ಸುತ್ತಿಗೊಮ್ಮೆ ಬೆರಳ ತುದಿಯಿಂದ ನೂಲನ್ನು ಕೆಳಗೆ ಒತ್ತಿ ಕೂರಿಸಿ. ಮೇಲೆ ಕಾಲು ಇಂಚು ಬಿಟ್ಟು ನಿಲ್ಲಿಸಿ, ದಬ್ಬಣದಲ್ಲಿ ನೂಲು ಪೋಣಿಸಿ ಅಂಚಿನ ಸುತ್ತ ಸುತ್ತು ಹೊಲಿಗೆ ಹಾಕಿದರೆ ಮುಗಿಯಿತು. ವಿಷುವಿಗೆ ಕಕ್ಕೆ ಹೂ ತಂದಿಡಲು, ಚಾವಡಿಯಲ್ಲಿ ಎಲೆ ಅಡಿಕೆ ಇಡಲು ಬಹಳ ಚಂದ.

ಎರಡನೇ ಡಬ್ಬದ ತುಂಡುಗಳಿಗೆ ಕುಚ್ಚು. ಕುಚ್ಚು ಮಾಡಲು ರಟ್ಟಿಗೆ ಉದ್ದ ನೂಲು ಸುತ್ತಬೇಕು ಅಂತ ಎಲ್ಲರೂ ಹೇಳುತ್ತಾರೆ. ಒಂದು ಕುಚ್ಚಿಗೇ ಮೂರು ಮಾರು ಹೋಗಿಬಿಡುತ್ತದೆ. ಅದರ ಅಗತ್ಯವೇ ಇಲ್ಲ. ಗೇಣುದ್ದದ 20 ತುಂಡುಗಳನ್ನು ಒಟ್ಟಿಗೆ ಮಲಗಿಸಿ, ನಡುವಿಗೆ ಗಟ್ಟಿ ಹತ್ತಿ ದಾರದಿಂದ ಬಿಗಿಯಾಗಿ ಕಟ್ಟಿ. ಕಟ್ಟಿದ ಕಡೆಗೆ ಮಡಿಸಿ, ಒಂದು ಬೆರಳು ಕೆಳಗೆ ಕತ್ತಿನ ಹಾಗೆ ಇನ್ನೊಂದು ಕಟ್ಟು ಹಾಕಿ, ತುದಿ ಸಮ ಮಾಡಿ. ಹೊಲಿಗೆ ದಾರದಲ್ಲಿ ಕಟ್ಟಬೇಡಿ. ಬಿಗಿ ಎಳೆಯುವಾಗ ಅದು ಕಡಿಯುತ್ತದೆ, ಇಲ್ಲವಾದರೆ ಒಂದು ತಿಂಗಳಲ್ಲಿ ಸಡಿಲವಾಗಿ ಎಳೆ ಒಂದೊಂದೇ ಉದುರುತ್ತದೆ. ಉಲ್ಲನ್ನಿನಲ್ಲೇ ಕಟ್ಟಿದರೂ ಅದೇ ಕಥೆ, ಅದು ಹಿಗ್ಗುತ್ತದೆ.

ತೆಂಗಿನ ಗೆರಟೆಯಲ್ಲಿ ಕಣ್ಣಿರುವ ಅರ್ಧವನ್ನು ಎಸೆಯಬೇಡಿ. ಅದರ ನಾರು ಕೆರೆದು, ಮರಳು ಕಾಗದದಿಂದ ಉಜ್ಜಿ, ಮೆತ್ತಗಿನ ಕಣ್ಣನ್ನು ತೂತು ಮಾಡಿ. ಉಂಡೆಯ ಉದ್ದ ನೂಲನ್ನು ಕಣ್ಣಿನ ಹತ್ತಿರದಿಂದ ಶುರು ಮಾಡಿ ಕೆಳಗೆ ಸುತ್ತುತ್ತಾ ಬನ್ನಿ. ಕೆಳಗಿನಿಂದ ಮೇಲೆ ಸುತ್ತಿದರೆ ಜಾರುತ್ತದೆ. ಫೆವಿಕಾಲನ್ನು ಒಮ್ಮೆಗೇ ಎಲ್ಲ ಕಡೆ ಬಳಿಯಬೇಡಿ, ಎರಡು ಬೆರಳಗಲ ಬಳಿದು ಅಷ್ಟು ಸುತ್ತಿ ಮುಂದಕ್ಕೆ ಹೋಗಿ. ತೂತಿನಿಂದ ದಾರ ಬಿಟ್ಟು ಒಳಗೆ ಒಂದು ಕುಚ್ಚು ಕಟ್ಟಿದರೆ ಗಂಟೆಯ ಹಾಗೆ ತೂಗುತ್ತದೆ. ಇಂಥ ಐದು ಗಂಟೆ, ನಡುವೆ ಕುಚ್ಚು ಇಟ್ಟು ಸಾಲಾಗಿ ಕಟ್ಟಿದರೆ ಜಗಲಿಗೆ ತೋರಣ ಆಯಿತು.

ಬಣ್ಣ ಹೇಗೆ ಹೊಂದಿಸುವುದು? ಕಪಾಟು ತೆರೆದು ನಿಮ್ಮ ಕೈಮಗ್ಗದ ಸೀರೆ ನೋಡಿ. ನಮ್ಮ ಕಾಸರಗೋಡು ಸೀರೆಯೇ ಆಗಬಹುದು. ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು. ತೋರಣದಲ್ಲೂ ಕುಚ್ಚುಗಳು ಏಳು ಬಣ್ಣದ್ದಾಗಿರಲಿ, ಕತ್ತಿನ ಕಟ್ಟು ಮಾತ್ರ ಎಲ್ಲಕ್ಕೂ ಒಂದೇ ಬಣ್ಣ. ಬಿಳಿ ಆದರೂ ಸರಿ, ಮೆರೂನ್ ಆದರೂ ಸರಿ. ಎಷ್ಟು ಬೇರೆ ಬೇರೆ ನೂಲು ಇದ್ದರೂ ಒಂದೇ ಮನೆಯ ಮಕ್ಕಳ ಹಾಗೆ ಕಾಣುತ್ತವೆ. ಕಡು ಕೆಂಪು, ಕಡು ನೀಲಿ ಬಳಸುವ ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ, ಬಣ್ಣ ಬಿಡುತ್ತದೋ ಇಲ್ಲವೋ ಅಂತ.

ಹಳೆ ಸ್ವೆಟರ್ ಬಿಚ್ಚಿದ ನೂಲು ಗುಂಗುರು ಗುಂಗುರಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡದೆ ನೇತುಹಾಕಿ. ಕೆಳಗೆ ಒಂದು ಚೊಂಬು ಕಟ್ಟಿದರೆ ಒಣಗುವಾಗ ನೆಟ್ಟಗಾಗುತ್ತದೆ. ಇಸ್ತ್ರಿ ಪೆಟ್ಟಿಗೆ ಇಡಲೇಬೇಡಿ.

ಇನ್ನು ಗೇಣಿಗಿಂತ ಸಣ್ಣ ತುಂಡುಗಳು. ಅವು ಸೂಜಿ ಚುಚ್ಚಿಡುವ ಪುಟ್ಟ ದಿಂಬಿಗೆ, ಬಟ್ಟೆ ಗೊಂಬೆಯ ಹೊಟ್ಟೆಗೆ ತುಂಬಲು ಆಗುತ್ತವೆ. ಮಕ್ಕಳಿದ್ದರೆ ಇನ್ನೂ ಒಳ್ಳೆಯದು. ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ರಂಗೋಲಿ ಎಳೆದುಕೊಡಿ, ಗೆರೆಗೆ ಗೋಂದು ಹಚ್ಚಿ ನೂಲು ಅಂಟಿಸಲಿ. ಆಟಿ ತಿಂಗಳಲ್ಲಿ ಅಂಗಳದ ರಂಗೋಲಿ ಮಳೆಗೆ ನಿಲ್ಲುವುದಿಲ್ಲ, ಇದು ಜಗಲಿಯಲ್ಲಿ ನಿಲ್ಲುತ್ತದೆ. ಆದರೆ ಹಕ್ಕಿ ಗೂಡು ಕಟ್ಟಲಿ ಅಂತ ನೂಲಿನ ತುಂಡುಗಳನ್ನು ತೋಟಕ್ಕೆ ಹಾಕಬೇಡಿ. ಮರಿಗಳ ಕಾಲಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ದನ ಮೇಯುವ ಕಡೆಯೂ ಬೇಡ.

ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ತೋರಣ ಬುಟ್ಟಿ ಎಲ್ಲ ಇಳಿಸಿ ಧೂಳು ಕೊಡವಿ ಒಂದು ಬಿಸಿಲು ತೋರಿಸಿ. ಹಾಳೆಗೆ ಬೂಷ್ಟು ಬಹಳ ಬೇಗ ಬರುತ್ತದೆ. ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಕಾಗದ ಹಾಸಿ, ಒಣಗಿದ ಬೇವಿನೆಲೆಯೋ ಲಾವಂಚದ ಬೇರೋ ಹಾಕಿ, ಬಿಸಿಲಿನ ಬಿಸಿ ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಿ. ತೋರಣವನ್ನು ಮಡಿಸದೆ ಚಾಪೆಯ ಹಾಗೆ ಸುರುಳಿ ಸುತ್ತಿಟ್ಟರೆ ಕುಚ್ಚುಗಳು ಮುರುಟುವುದಿಲ್ಲ.